ಕಚೇರಿಯಿಲ್ಲದ ಸಂಸ್ಥೆಯನ್ನು ಕಟ್ಟಹೊರಟವನಿಗೆ



ನೌಕರರನ್ನು ಒಂದೇ ಸೂರಿನ ಕೆಳಗೆ ಕೂಡಿಸದೆ, ಧಾರವಾಡದಲ್ಲೊಬ್ಬರು, ಪುತ್ತೂರಿನಲ್ಲೊಬ್ಬರು, ಪುಣೆಯಲ್ಲೊಬ್ಬರು ಎಂಬಂತೆ ತಮ್ಮ ತಮ್ಮ ಮನೆಗಳಲ್ಲಿದ್ದುಕೊಂಡೇ ಸ್ವತಂತ್ರವಾಗಿ ದುಡಿಯುವ ಪ್ರೋಗ್ರಾಮರುಗಳನ್ನು ಸೇರಿಸಿ ಸಾಫ್ಟ್‌ವೇರ್ ಸಲಹಾಸಂಸ್ಥೆಯೊಂದನ್ನು ಸ್ಥಾಪಿಸಬೇಕೆಂಬ ನಿನ್ನ ಸಂಕಲ್ಪವನ್ನು ತಿಳಿದು ಸಂತೋಷವಾಯಿತು. ಇದು ಹಿಂದೆ ಯಾರೂ ಮಾಡದ ಸಾಹಸವೆಂದು ನೀನು ಭಾವಿಸಿರುವೆ. ಆದರೆ ಇದಕ್ಕೆ ಅರವತ್ತು ವರ್ಷಗಳಿಗೂ ಮಿಕ್ಕ ಪರಂಪರೆಯುಂಟು.

ಇಂಗ್ಲೆಂಡಿನ ಸ್ಟೆಫನಿ ಶರ್ಲಿ ಎಂಬ ಮಹಿಳೆ 1962ರಲ್ಲಿ ಆರು ಪೌಂಡುಗಳ ಬಂಡವಾಳದಿಂದ ತಮ್ಮ ಮನೆಯಲ್ಲಿಯೇ ಫ್ರೀಲಾನ್ಸ್ ಪ್ರೋಗ್ರಾಮರ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿ, ಮಕ್ಕಳ ಪಾಲನೆಗಾಗಿ ಉದ್ಯೋಗವನ್ನು ಬಿಡಬೇಕಾಗಿ ಬಂದಿದ್ದ ಸುಶಿಕ್ಷಿತ ಸ್ತ್ರೀಯರಿಗೆ ಮನೆಯಿಂದಲೇ ಕೆಲಸವನ್ನು ಒದಗಿಸಿದರು. ಮೊದಲ 300 ಮಂದಿಯಲ್ಲಿ 297 ಮಂದಿ ಸ್ತ್ರೀಯರೇ ಆಗಿದ್ದರು. ಹೆಂಗಸಿನ ಹೆಸರಿನ ಪತ್ರಗಳಿಗೆ ಉತ್ತರವೇ ಬಾರದಿದ್ದಾಗ ಅವರು 'ಸ್ಟೀವ್' ಎಂದು ಸಹಿ ಮಾಡತೊಡಗಿದರು. ಕಾಂಕಾರ್ಡ್ ವಿಮಾನದ ಕಪ್ಪುಪೆಟ್ಟಿಗೆಯ ಪ್ರೋಗ್ರಾಮು ಸಿದ್ಧವಾದುದು ಈ ಗೃಹಿಣಿಯರ ಮನೆಗಳಲ್ಲಿ. ಅವರಿಗಿದ್ದ ಸಾಧನವಾದರೋ ಒಂದು ಟೆಲಿಫೋನು ಮಾತ್ರ; ಆದರೆ ಅದರ ಜೊತೆಗೆ, ಕೆಲಸವನ್ನು ಅಳೆಯುವ ಹಾಗೂ ಪರೀಕ್ಷಿಸುವ ಲಿಖಿತ ನಿಯಮಗಳು ಎಷ್ಟು ಕಟ್ಟುನಿಟ್ಟಾಗಿದ್ದುವೆಂದರೆ, ಕಾಲಾಂತರದಲ್ಲಿ ನೇಟೋ ಒಕ್ಕೂಟವೇ ಅವನ್ನು ಅಂಗೀಕರಿಸಿತೆಂದು ಶರ್ಲಿಯವರು ಹೇಳಿದ್ದಾರೆ.

ಇದರಿಂದ ನೀನು ಗ್ರಹಿಸಬೇಕಾದ ತತ್ತ್ವವಿಷ್ಟೆ: ಸ್ಥಳ ಮತ್ತು ಸಮಯಗಳ ನಿರ್ಬಂಧವನ್ನು ಎಷ್ಟು ಸಡಿಲಿಸುವೆಯೋ, ಬರವಣಿಗೆಯ ನಿಷ್ಠೆಯನ್ನು ಅಷ್ಟು ಬಿಗಿಗೊಳಿಸಬೇಕು. ಫೋನಿನಲ್ಲಿ ಆದ ನಿರ್ಣಯವು ಅಂದೇ ಅಕ್ಷರಕ್ಕಿಳಿಯಲಿ. ಐವರಿರುವ ತಂಡದಲ್ಲಿ ಪರಸ್ಪರ ಸಂಪರ್ಕದ ಎಳೆಗಳು 10 ಆದರೆ, ಹತ್ತು ಮಂದಿಯಲ್ಲಿ ಅವು 45 ಆಗುವುವು. ತಡವಾದ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುವುದೆಂದು ಸಾಫ್ಟ್‌ವೇರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ಎಚ್ಚರಿಸಿದುದಕ್ಕೆ ಇದೂ ಒಂದು ಕಾರಣ. ಆದುದರಿಂದ ತಂಡ ಚಿಕ್ಕದಾಗಿರಲಿ, ಒಬ್ಬೊಬ್ಬರ ಪಾಲಿಗೆ ಬಂದ ಕೆಲಸವು ಆದಿ ಅಂತ್ಯಗಳುಳ್ಳ ಒಂದು ಪೂರ್ಣ ಭಾಗವಾಗಿರಲಿ.

ಕರಾರುಪತ್ರದ ವಿಷಯದಲ್ಲಿ ಸಂಕೋಚ ಬೇಡ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ನೌಕರನು ತನ್ನ ಉದ್ಯೋಗದ ಅಂಗವಾಗಿ ಬರೆದುದು ಸಾಮಾನ್ಯವಾಗಿ ಯಜಮಾನನ ಸ್ವತ್ತು; ಸ್ವತಂತ್ರ ಪ್ರೋಗ್ರಾಮರನು ಬರೆದುದಾದರೋ, ಅವನು ಲಿಖಿತವಾಗಿ ವರ್ಗಾಯಿಸುವ ತನಕ ಅವನದೇ. ಆ ವರ್ಗಾವಣೆಯಲ್ಲಿಯೂ ಅವಧಿಯನ್ನು ನಮೂದಿಸದಿದ್ದರೆ ಐದೇ ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆಯು ಪರಿಗಣಿಸುತ್ತದೆ. ಅಮೆರಿಕೆಯ ಗ್ರಾಹಕನಿಗೆ ಮಾತು ಕೊಡುವ ಮುನ್ನ ಅವಧಿ, ಪ್ರದೇಶಗಳ ಕುರಿತ ಈ ಎರಡು ವಾಕ್ಯಗಳನ್ನು ಬರೆಸಿಕೊಳ್ಳದ ಸಂಸ್ಥೆಯು ತನ್ನದಲ್ಲದ ವಸ್ತುವನ್ನು ಮಾರಿದಂತಾಗುವುದು.

ಇನ್ನು, ಸ್ವತಂತ್ರರೆಂದು ಕರೆದು ಗುಲಾಮರಂತೆ ನಡೆಸಿಕೊಳ್ಳುವ ಕಪಟಕ್ಕೆ ಎಂದಿಗೂ ಇಳಿಯಬೇಡ. ಕೆಲಸದ ವೇಳೆಯನ್ನು ನೀನೇ ವಿಧಿಸಿ, ಬೇರೆ ಗ್ರಾಹಕರನ್ನು ನಿಷೇಧಿಸಿ, ಗಳಿಗೆಗೊಮ್ಮೆ ಅವರ ಪರದೆಯ ಚಿತ್ರವನ್ನು ತೆಗೆಯುವ ತಂತ್ರಾಂಶವನ್ನು ಹೂಡುವುದಾದರೆ, ಅವರನ್ನು ನೌಕರರೆಂದೇ ಒಪ್ಪಿ ಪ್ರಾವಿಡೆಂಟ್ ಫಂಡು, ರಜೆಗಳನ್ನು ಕೊಡುವುದೇ ಧರ್ಮ. ಗ್ರಾಹಕನು ಹಣವನ್ನು ತಡೆಹಿಡಿದನೆಂಬ ನೆಪದಿಂದ ಅವರ ಬಿಲ್ಲನ್ನು ನೀನು ತಡೆಹಿಡಿಯಬಾರದು. ಆ ನಷ್ಟಭಯವನ್ನು ಹೊರುವುದಕ್ಕಾಗಿಯೇ ಅಲ್ಲವೆ ಸಂಸ್ಥೆಯು ತನ್ನ ಪಾಲನ್ನು ಇಟ್ಟುಕೊಳ್ಳುವುದು? ಕೆಲವು ತಿಂಗಳ ಪಾವತಿಗೆ ಸಾಲುವಷ್ಟು ಹಣವನ್ನು ಕೂಡಿಟ್ಟ ಬಳಿಕವೇ ನಿನ್ನ ಲಾಭವನ್ನು ಎಣಿಸು.

ಶರ್ಲಿಯವರು ಕಡೆಗೆ ಸಂಸ್ಥೆಯ ಕಾಲುಭಾಗದ ಒಡೆತನವನ್ನು, ಸಿಬ್ಬಂದಿಯಿಂದ ಬಿಡಿಗಾಸನ್ನೂ ಪಡೆಯದೆ, ಅವರ ಕೈಗಿತ್ತರು. ಅಂತಹ ಔದಾರ್ಯವು ಇಂದೇ ನಿನಗೆ ಸಾಧ್ಯವಾಗದಿರಬಹುದು. ಹೇಳಿದ ದಿನ ಹೇಳಿದ ಹಣವನ್ನು ಕೊಡುವುದು ಇಂದೇ ಸಾಧ್ಯ, ಅಲ್ಲಿಂದಲೇ ಆರಂಭಿಸು.

ಇತಿ,
ನಿನ್ನ ಹಿತೈಷಿ