ಗೋಡೆಯ ಮೇಲಿನ ದವಡೆ ಯಾವ ಶಾರ್ಕಿನದು?

ಮಲ್ಪೆಯ ಓದುಗರೊಬ್ಬರ ಮನೆಯ ಗೋಡೆಯಲ್ಲಿ ಅಜ್ಜನ ಕಾಲದ ಶಾರ್ಕ್ ದವಡೆಯಿದೆ. ಬಂದವರೆಲ್ಲ ‘ಗ್ರೇಟ್ ವೈಟ್’ ಎನ್ನುತ್ತಾರಂತೆ. ನಿಜವೇ ಎಂಬುದು ಅವರ ಪ್ರಶ್ನೆ.

ಅಲ್ಲ. ಅವರು ಕಳಿಸಿದ ಫೋಟೊದಲ್ಲಿರುವುದು ಟೈಗರ್ ಶಾರ್ಕ್.

ಗ್ರೇಟ್ ವೈಟ್‌ನ ಮೇಲ್ದವಡೆಯ ಹಲ್ಲು ನೆಟ್ಟಗೆ ನಿಂತ ಅಗಲ ತ್ರಿಕೋನ. ಟೈಗರ್ ಶಾರ್ಕಿನದು ಕೋಳಿಜುಟ್ಟಿನ ಹಾಗೆ: ತುದಿ ಬಾಯಿಯ ಮೂಲೆಯತ್ತ ವಾಲಿರುತ್ತದೆ, ಅದರ ಹಿಂದೆ ಆಳವಾದ ಕಚ್ಚು. ಕಚ್ಚಿನ ಕೆಳಗಿನ ದಪ್ಪ ಗರಗಸವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೇಲೂ ಸಣ್ಣ ಗರಗಸ ಕಾಣುತ್ತದೆ. ಮೇಲಿನ, ಕೆಳಗಿನ ಹಲ್ಲುಗಳು ಹೆಚ್ಚುಕಡಿಮೆ ಒಂದೇ ರೂಪದವು. ಬುಲ್ ಶಾರ್ಕ್ ಹಾಗಲ್ಲ, ಮೇಲೆ ಅಗಲ, ಕೆಳಗೆ ಕಿರಿದು. ಮಾಕೊ ಶಾರ್ಕಿನ ಹಲ್ಲಿಗಂತೂ ಗರಗಸವೇ ಇಲ್ಲ.

ಎಲ್ಲ ದವಡೆಗಳೂ ಇಷ್ಟು ಸುಲಭವಾಗಿ ಬಾಯಿ ಬಿಡುವುದಿಲ್ಲ. ಬುಲ್ ಶಾರ್ಕ್ ಸೇರಿದ ಕಾರ್ಕರೈನಸ್ ಕುಲದಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಿದ್ದು, ಹಲವುಗಳ ಮೇಲ್ಹಲ್ಲುಗಳು ಒಂದನ್ನೊಂದು ಹೋಲುತ್ತವೆ. ಅಲ್ಲಿ ಬಿಡಿ ಹಲ್ಲು ಸಾಲದು. ಎರಡೂ ದವಡೆಗಳ ಮುಂಭಾಗ, ಪಕ್ಕ, ಮೂಲೆಯ ಹಲ್ಲುಗಳನ್ನು ಅಳತೆಪಟ್ಟಿ ಇಟ್ಟು ಹತ್ತಿರದಿಂದ ಫೋಟೊ ತೆಗೆಯಬೇಕು. ಆಗಲೂ ಗೊಂದಲ ಉಳಿದರೆ ಒಣಗಿದ ದವಡೆಯ ಪುಡಿಯಿಂದ ಡಿಎನ್‌ಎ ಪರೀಕ್ಷೆ ಸಾಧ್ಯ. ದವಡೆಯ ಅಗಲ ನೋಡಿ ಮೀನಿನ ಉದ್ದ ಹೇಳುವವರನ್ನು ನಂಬಬಾರದು. ಒಣಗುವಾಗ ಮೃದ್ವಸ್ಥಿ ಕುಗ್ಗಿ ಸೊಟ್ಟಗಾಗುತ್ತದೆ.

ಮಲ್ಪೆಯ ಓದುಗರಿಗೆ ತಮ್ಮ ದವಡೆಯನ್ನು ಮಾರುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸಲಿ: ಭಾರತದಲ್ಲಿ ಕೆಲವು ಶಾರ್ಕ್‌ಗಳಿಗೆ 2001ರಿಂದಲೇ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.