ಜಾನಪದ ಸಂಗ್ರಹ: ಹಾಸ್ಟೆಲಿನಿಂದಲೇ ಶುರು ಮಾಡಿ

ಜಾನಪದ ಸಂಗ್ರಹ ಎಂದೊಡನೆ ವಿದ್ಯಾರ್ಥಿಗಳು ಹಳ್ಳಿಯ ಬಸ್ಸು ಹತ್ತುತ್ತಾರೆ, ಬೀಸುವ ಪದ ಬಲ್ಲ ಅಜ್ಜಿಯನ್ನು ಹುಡುಕುತ್ತಾರೆ. ಅದು ಎರಡನೇ ವರ್ಷಕ್ಕಿರಲಿ. ಅಮೆರಿಕದ ಬರ್ಕ್ಲಿಯಲ್ಲಿ ಜಾನಪದ ಕಲಿಸುತ್ತಿದ್ದ ಅಲನ್ ಡಂಡಿಸ್, ಕಸುಬೋ ಭಾಷೆಯೋ ಯಾವುದೋ ಒಂದನ್ನು ಹಂಚಿಕೊಂಡವರು ಇಬ್ಬರಿದ್ದರೂ ಅದೊಂದು ಜನಪದವೇ ಎನ್ನುತ್ತಿದ್ದರು. ಅವರ ವಿದ್ಯಾರ್ಥಿಗಳು ಮನೆಯವರಿಂದ, ಗೆಳೆಯರಿಂದ ಕೇಳಿ ಬರೆದು ತಂದದ್ದೇ ಅಲ್ಲಿ ದೊಡ್ಡ ಭಂಡಾರವಾಯಿತು. ಆ ಲೆಕ್ಕದಲ್ಲಿ ನಿಮ್ಮ ಹಾಸ್ಟೆಲ್ ರೂಮೂ ಒಂದು ಜನಪದ.

ಹಂತ 1: ಚಿಕ್ಕದೊಂದನ್ನು ಹಿಡಿಯಿರಿ
'ನಮ್ಮೂರ ನಂಬಿಕೆಗಳು' ಎಂಬ ವಿಷಯ ಬೇಡ, ಮುಗಿಯುವುದಿಲ್ಲ. ಹಲ್ಲಿ ಲೊಚಗುಟ್ಟಿದರೆ ಏನು ಮಾಡುತ್ತಾರೆ, ದೀಪ ಹಚ್ಚಿದ ಮೇಲೆ ಯಾವ ವಸ್ತು ಕೈಯೆತ್ತಿ ಕೊಡುವುದಿಲ್ಲ, ಪರೀಕ್ಷೆಯ ದಿನ ಏನು ತಿಂದು ಹೊರಡುತ್ತಾರೆ: ಇಷ್ಟು ಸಾಕು. 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವ ಹಿಂದಿರುಗಲೆಂದು ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದೂ ಜಾನಪದವೇ. ಬರೆದವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿ.

ಹಂತ 2: ಕೇಳುವ ಬಗೆ
ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಪುಸ್ತಕ ಪೆನ್ನು ಹಿಡಿದು "ನಿಮಗೆ ಒಗಟು ಬರುತ್ತಾ?" ಎಂದರೆ ಯಾರಿಗೂ ಏನೂ ನೆನಪಾಗದು. ಅವರೆಕಾಯಿ ಬಿಡಿಸುವಾಗ ಜೊತೆಗೆ ಕೂತು ನೀವೂ ಬಿಡಿಸಿ. ನಿಮಗೆ ಗೊತ್ತಿರುವ ಒಗಟೊಂದನ್ನು ಹೇಳಿ. "ಅದಲ್ಲ ಕಣೋ, ನಮ್ಮ ಕಡೆ ಹೀಗೆ" ಎಂದು ಯಾರಾದರೂ ತಿದ್ದಿದರೆಂದರೆ ಸಂಗ್ರಹ ಶುರುವಾಯಿತೆಂದೇ ಅರ್ಥ. "ಇದನ್ನೆಲ್ಲ ನಂಬ್ತೀರಾ?" ಎಂದು ಮಾತ್ರ ಮೊದಲೇ ಕೇಳಬೇಡಿ. ಓದಿದವರ ಎದುರು ಬಹಳ ಮಂದಿ ಇಲ್ಲವೆಂದೇ ಹೇಳುತ್ತಾರೆ, ಆಮೇಲೆ ಬಾಯಿ ಬಿಡುವುದಿಲ್ಲ.

ಹಂತ 3: ರೆಕಾರ್ಡಿಂಗ್
ಮೊಬೈಲ್ ಸಾಕು. ಒಪ್ಪಿಗೆ ಕೇಳಿ, ಫ್ಯಾನ್ ಆರಿಸಿ.

ಹಂತ 4: ಸಂದರ್ಭ ಬರೆಯಿರಿ
ಹೇಳಿದವರ ವಯಸ್ಸು, ಊರು, ಮನೆಮಾತು, ಕಸುಬು, ಅವರು ಯಾರಿಂದ ಕಲಿತದ್ದು, ಇಷ್ಟನ್ನು ಅದೇ ರಾತ್ರಿ ಬರೆದಿಡಿ. ಇದಕ್ಕಿಂತ ಮುಖ್ಯ, ಅದನ್ನು ಯಾವಾಗ, ಯಾರಿಗೆ ಹೇಳುತ್ತಾರೆ ಎಂಬುದು. ಒಂದೇ ಗಾದೆಯನ್ನು ಅತ್ತೆ ಸೊಸೆಗೆ ಹೇಳಿದರೆ ಚುಚ್ಚು, ಗೆಳತಿ ಗೆಳತಿಗೆ ಹೇಳಿದರೆ ತಮಾಷೆ. ಸಂದರ್ಭವಿಲ್ಲದ ಗಾದೆಗಳ ಪಟ್ಟಿ ಅಂಗಡಿಯಲ್ಲೇ ಸಿಗುತ್ತದೆ, ಅದಕ್ಕೆ ನೀವು ಬೇಕಿಲ್ಲ.

ಹಂತ 5: ತಿದ್ದಬೇಡಿ
ಕಲಬುರಗಿಯ ಗೆಳೆಯ "ಹೋಗಬ್ಯಾಡ್ರಿ" ಎಂದದ್ದು ನಿಮ್ಮ ಹಾಳೆಯ ಮೇಲೆ "ಹೋಗಬೇಡಿ" ಆಗಕೂಡದು. ಜಾತಿಯನ್ನೋ ಹೆಣ್ಣನ್ನೋ ಹೀಗಳೆಯುವ ಮಾತುಗಳೂ ಸಿಗುತ್ತವೆ, ಸಿಕ್ಕೇ ಸಿಗುತ್ತವೆ. ಅವನ್ನೂ ಇದ್ದಂತೆ ಬರೆದು, ನಿಮ್ಮ ತಕರಾರನ್ನು ಕೆಳಗೆ ಬೇರೆಯಾಗಿ ಬರೆಯಿರಿ. ಅಳಿಸಿದರೆ ನಾವು ಹೇಗಿದ್ದೆವು ಎಂಬುದೇ ಅಳಿಸಿಹೋಗುತ್ತದೆ.

ಹಂತ 6: ಪಾಠಾಂತರ ಹುಡುಕಿ
ಒಂದೇ ಪ್ರಶ್ನೆಯನ್ನು ಮಂಡ್ಯ, ಧಾರವಾಡ, ಪುತ್ತೂರಿನ ಸಹಪಾಠಿಗಳಿಗೆ ಕೇಳಿ, ಉತ್ತರಗಳನ್ನು ಪಕ್ಕಪಕ್ಕ ಇಡಿ. ಬೇರೆಯಾದದ್ದನ್ನು ತಪ್ಪೆಂದು ಬಿಡಬೇಡಿ. ಜಾನಪದದಲ್ಲಿ ಸರಿಯಾದ ಪಾಠ ಎಂಬುದೊಂದಿಲ್ಲ.

ಹಂತ 7: ಒಪ್ಪಿಸಿ
ಒಂದು ಹಾಳೆಗೆ ಒಂದೇ ಸಂಗತಿ, ಮೇಲೆ ತಾರೀಖು. ಒಂದು ಪ್ರತಿ ವಿಭಾಗಕ್ಕೆ, ಇನ್ನೊಂದು ಹೇಳಿದವರಿಗೆ. ಅವರಿಗೆ ಓದು ಬಾರದಿದ್ದರೆ ನೀವೇ ಓದಿ ಹೇಳಿ, ಬೇಡವೆಂದದ್ದನ್ನು ತೆಗೆಯಿರಿ. ಅವರನ್ನು ಕೇಳದೆ ಧ್ವನಿಯನ್ನು ಯೂಟ್ಯೂಬಿಗೆ ಹಾಕಬೇಡಿ.