ನೇರಳೆ ಬಣ್ಣದ ಸೂಕ್ಷ್ಮಜೀವಿಯೂ ಕೆಸರಿನ ಗಾಯವೂ

ಕೆರೆಯ ನೀರು, ನಾಲೆಯ ಕೆಸರು, ಬತ್ತದ ಗದ್ದೆಯ ಮಣ್ಣು ಇವುಗಳಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಬಹುಪಾಲು ಜೀವಿಗಳು ಮನುಷ್ಯನ ಗೊಡವೆಗೆ ಬರತಕ್ಕವುಗಳಲ್ಲ. ಉಷ್ಣದೇಶಗಳ ನೀರುಮಣ್ಣಿನಲ್ಲಿರುವ ಕ್ರೋಮೋಬ್ಯಾಕ್ಟೀರಿಯಂ ವಯೊಲೇಸಿಯಂ ಎಂಬುದೂ ಸಾಮಾನ್ಯವಾಗಿ ಅಂಥದೇ. ಪ್ರಯೋಗಶಾಲೆಯಲ್ಲಿ ಬೆಳೆಸಿದಾಗ ಇದು ಕಳಿತ ನೇರಳೆಹಣ್ಣಿನ ಬಣ್ಣದ ಚುಕ್ಕೆಗಳಾಗಿ ತೋರುವುದರಿಂದ ಈ ಹೆಸರು ಬಂದಿರುತ್ತದೆ. ಕೆರೆಯಲ್ಲಿ ಈ ಬಣ್ಣವನ್ನು ಹುಡುಕಿ ಫಲವಿಲ್ಲ. ನೀರಿನ ಮೇಲೆ ಕಟ್ಟುವ ಹಸುರು ಕೆನೆಯು ಪಾಚಿಯೇ ಹೊರತು ಇದಲ್ಲ.

ಫಿಲಿಪೈನ್ ದ್ವೀಪಗಳಲ್ಲಿ ಎಮ್ಮೆಕೋಣಗಳು ಈ ಜೀವಿಯಿಂದ ಸತ್ತುದನ್ನು 1905ರಲ್ಲಿ ವೂಲಿ ಎಂಬ ವಿದ್ವಾಂಸರು ಪ್ರಕಟಿಸಿದರು. ಮನುಷ್ಯನಲ್ಲಿ ಈ ರೋಗವು ಮೊದಲು ವರದಿಯಾದದ್ದು 1927ರಲ್ಲಿ, ಮಲಯಾ ದೇಶದಿಂದ. ಆಮೇಲೆ ಭಾರತದಿಂದಲೂ ವರದಿಗಳು ಬಂದಿರುತ್ತವೆ. ರೋಗವು ಅತಿ ವಿರಳ. ಆದರೆ ಬಂದಲ್ಲಿ ಬಹು ಕ್ರೂರ. ವರದಿಯಾದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ, ಕೆಲವು ಪಟ್ಟಿಗಳಲ್ಲಿ ಅದಕ್ಕೂ ಹೆಚ್ಚು ಜನ, ಮೃತರಾಗಿರುತ್ತಾರೆ.

ಮುಳ್ಳು ಚುಚ್ಚಿದ ಅಥವಾ ಕುಡುಗೋಲು ತಾಗಿದ ಸಣ್ಣ ಗಾಯಕ್ಕೆ ಕೆಸರುನೀರು ಸೋಂಕಿದಾಗ ಈ ಜೀವಿಯು ಒಳಹೊಗುತ್ತದೆ. ಗಾಯವು ಬಾತು ಕೀವಾಗುತ್ತದೆ. ಜೀವಿಯು ರಕ್ತಕ್ಕೆ ಸೇರಿತೆಂದರೆ ಚಳಿಜ್ವರ ಹತ್ತಿ, ಯಕೃತ್ತು, ಪುಪ್ಪುಸಗಳಲ್ಲಿಯೂ ಕೀವು ಕಟ್ಟಿ, ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರಬಹುದು. ಮೂಲದ ಗಾಯವು ಎಷ್ಟೋ ಸಲ ಇಷ್ಟೇ ಇಷ್ಟಿದ್ದು ಯಾರ ಲಕ್ಷ್ಯಕ್ಕೂ ಬಂದಿರುವುದಿಲ್ಲ.

ಇಲ್ಲಿಯೇ ಮುಖ್ಯ ತೊಡಕಿರುವುದು. ಕೀವುಗಾಯಕ್ಕೆ ವಾಡಿಕೆಯಾಗಿ ಕೊಡುವ ಪೆನಿಸಿಲಿನ್ ವರ್ಗದ ಔಷಧಗಳು ಈ ಜೀವಿಯ ಮೇಲೆ ಸಾಮಾನ್ಯವಾಗಿ ನಾಟುವುದಿಲ್ಲ. ಸಿಪ್ರೊಫ್ಲಾಕ್ಸಸಿನ್ ಮೊದಲಾದವು ಬಹುಮಟ್ಟಿಗೆ ನಾಟುತ್ತವೆ. ಯಾವುದು ತಕ್ಕದ್ದೆಂಬುದನ್ನು ವೈದ್ಯರೇ ಕೀವು, ರಕ್ತಗಳ ಪರೀಕ್ಷೆಯಿಂದ ಗೊತ್ತುಮಾಡತಕ್ಕದ್ದು. ಆದಕಾರಣ ಗದ್ದೆಯ ಆಳಿಗೆ ಗಾಯದೊಡನೆ ಜ್ವರವೂ ಬಂದರೆ, ನಾಳೆ ನೋಡೋಣವೆನ್ನದೆ ಜಮೀನುದಾರರು ಆ ದಿನವೇ ಪರೀಕ್ಷಾಸೌಕರ್ಯವುಳ್ಳ ಆಸ್ಪತ್ರೆಗೆ ಕಳುಹಿಸಿ, ಕೆಸರಿನಲ್ಲಿ ಕೆಲಸ ಮಾಡಿದ ಸಂಗತಿಯನ್ನು ತಪ್ಪದೆ ತಿಳಿಸಬೇಕು. ವೈದ್ಯರು ಕೇಳದಿದ್ದರೂ ಹೇಳಬೇಕು.

ಗಾಯವಾದೊಡನೆ ಶುದ್ಧವಾದ ನೀರು, ಸಾಬೂನುಗಳಿಂದ ತೊಳೆದು ಮಡಿಬಟ್ಟೆ ಕಟ್ಟಬೇಕು. ರಕ್ತ ನಿಲ್ಲಲೆಂದು ಮಣ್ಣು ಮೆತ್ತುವ ರೂಢಿಯು ಕೇಡನ್ನು ಕೈಯಾರೆ ಒಳಗಿಟ್ಟಂತೆಯೇ ಸರಿ. ಗಾಯ ಮಾಯುವವರೆಗೆ ಆ ಆಳಿಗೆ ಒಣಭೂಮಿಯ ಕೆಲಸ ಕೊಡುವುದು ಲೇಸು. ಇದಕ್ಕೆಂದು ಕೆರೆಗೆ ಔಷಧಿ ಸುರಿಯುವುದು ವ್ಯರ್ಥ. ಮೀನು ಸತ್ತಾವು, ಮಣ್ಣಿನಲ್ಲಿರುವ ಜೀವಿ ಉಳಿದೀತು.

ವಾಸಿಯಾದಂತೆ ಕಂಡವರಲ್ಲಿಯೂ ರೋಗವು ಮರುಕಳಿಸಿದ ನಿದರ್ಶನಗಳುಂಟು. ವೈದ್ಯರು ವಿಧಿಸಿದಷ್ಟು ವಾರವೂ ಔಷಧವನ್ನು ನಡೆಸತಕ್ಕದ್ದು.